ಹಟ್ಟಿಯಲ್ಲಿ ಬಿಚ್ಚಿಟ್ಟ ಬೈಕು

2021ರ ಡೈರಿಯ ಕೊನೆಯ ಪುಟದಲ್ಲಿ, ದನದ ಹಟ್ಟಿಯನ್ನು ಬೈಕು ಬಿಚ್ಚುವ ಗ್ಯಾರೇಜು ಮಾಡಿದ ನನ್ನದೊಂದು ಲೆಕ್ಕ ಉಂಟು. ಸಿಮೆಂಟು ಎಂಟು ಗೋಣಿ, ಜಲ್ಲಿ, ಹೊಯಿಗೆ, ಮೇಸ್ತ್ರಿಗೂ ಕೈಯಾಳಿಗೂ ಎರಡು ದಿನದ ಸಂಬಳ, ಎರಡು ಎಲ್‌ಇಡಿ ಟ್ಯೂಬು, ವಯರು, ಗುಜರಿಯಿಂದ ತಂದ ವೈಸು, ರಿಂಗ್ ಸ್ಪ್ಯಾನರಿನ ಸೆಟ್ಟು. ಹೀಗೆ ಇಳಿಯುತ್ತ ಬಂದು ಒಟ್ಟು 23,640 ರೂಪಾಯಿ ಅಂತ ಬರೆದು ಅಡಿಗೆ ಎರಡು ಗೆರೆ ಎಳೆದಿದ್ದೇನೆ. ಆ ಗೆರೆಗಳ ಕೆಳಗೆ ಪೆನ್ಸಿಲಿನಲ್ಲಿ, ಅಪ್ಪನ ಅಕ್ಷರದಲ್ಲಿ ಒಂದು ಸಾಲು: "ಗಾಡಿಯ ಈಗಿನ ಕ್ರಯ 12,000."

ಅಪ್ಪ ಕುಟುಕುವ ಜನ ಅಲ್ಲ. ಲೆಕ್ಕ ಬರೆದ ಮೇಲೆ ಎರಡೂ ಬದಿ ಬರೆಯಬೇಕು ಅನ್ನುವವರು, ಅಷ್ಟೆ. ಅಡಿಕೆ ಮಾರಿದ ದಿನ ಕೂಡ ಮೊದಲು ಬರೆಯುವುದು ಸುಲಿದವರ ಮಜೂರಿ, ಆಮೇಲೆ ಬಂದ ಹಣ. ಆದರೂ ಆ ಪೆನ್ಸಿಲ್ ಸಾಲು ನನ್ನನ್ನು ಮೂರ್ನಾಲ್ಕು ವರ್ಷದಿಂದ ಬಿಟ್ಟಿಲ್ಲ. ಗಣಿತ ಕಲಿಸುವವನಿಗೆ ಆ ಲೆಕ್ಕ ತಪ್ಪು ಅಂತ ತೋರಿಸಲು ಆಗುವುದಿಲ್ಲ. ಸರಿ ಅಂತ ಒಪ್ಪಲಿಕ್ಕೂ ಮನಸ್ಸು ಬರುವುದಿಲ್ಲ.

ಗಾಡಿ ಅಂದರೆ ಅಪ್ಪನ ಸಿಡಿ 100. ಹೀರೋ ಮತ್ತು ಹೋಂಡಾ ಒಟ್ಟಾಗಿದ್ದ ಕಾಲದ್ದು. ಆ ಮಾಡೆಲು 1985ರಲ್ಲಿ ಬಂತು, ನಮ್ಮ ಜಾಲಿಗೆ, ಅಂದರೆ ಅಂಗಳಕ್ಕೆ, ಬಂದದ್ದು 1994ರಲ್ಲಿ. ಬೈಕಿನ ಹುಚ್ಚಿನವರು ಆರ್‌ಎಕ್ಸ್ 100ಕ್ಕೋ ಯೆಜ್ಡಿಗೋ ಕಣ್ಣೀರು ಹಾಕುತ್ತಾರೆ, ಸಿಡಿ 100ಕ್ಕೆ ಕಣ್ಣೀರು ಹಾಕಿದವರನ್ನು ನಾನು ನೋಡಿಲ್ಲ. ಚೌಕಟ್ಟಾದ ಹೆಡ್‌ಲೈಟು, ಚೌಕಟ್ಟಾದ ಸ್ವಭಾವ. ಹದಿನೈದು ವರ್ಷಕ್ಕೊಮ್ಮೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಿಕೊಂಡು ಕೆಎಲ್ 14 ಬೋರ್ಡು ಹೊತ್ತು ಇನ್ನೂ ಓಡುತ್ತದೆ.

ಮಣ್ಣು ಬಿದ್ದ ರಸ್ತೆ

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಕರ್ನಾಟಕದ ಗಡಿಯ ಸಾರಡ್ಕದ ಕಡೆಗೆ. ಮಂಗಳೂರಿನವರಿಗೆ ನಾವು ಕೇರಳದವರು, ತಿರುವನಂತಪುರದವರಿಗೆ ನಾವು ಎಲ್ಲಿಯವರೋ. ನಮಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ. ರೇಷನಿಗೆ ಪೆರ್ಲ, ಅಡಿಕೆ ಕೊಡಲು ವಿಟ್ಲ, ಗಾಡಿ ರಿಪೇರಿಗೆ ಅಡ್ಯನಡ್ಕದ ಕಡೆ. ಗ್ಯಾರೇಜಿನ ಅಣ್ಣ ಗಾಡಿಯ ಶಬ್ದ ತಿರುವಿನಲ್ಲೇ ಕೇಳಿ ರೋಗ ಹೇಳುವವನು. ಮಧ್ಯದಲ್ಲಿ ಒಂದು ರಾಜ್ಯ ಮುಗಿದು ಇನ್ನೊಂದು ಶುರುವಾಗುತ್ತದೆ ಅನ್ನುವುದು ಡಾಮರಿನ ಬಣ್ಣ ಬದಲಾಗುವಾಗ ಗೊತ್ತಾಗುತ್ತಿತ್ತು, ಅಷ್ಟೇ.

2020ರ ಮಾರ್ಚಿನಲ್ಲಿ, ಕೊರೋನಾ ಲಾಕ್‌ಡೌನಿಗೆ, ಕರ್ನಾಟಕದವರು ಗಡಿಯ ರಸ್ತೆಗಳಿಗೆ ಟಿಪ್ಪರಿನಲ್ಲಿ ಮಣ್ಣು ತಂದು ಸುರಿದು ಮುಚ್ಚಿದರು. ಆ ಕತೆ ನಮ್ಮ ಕಡೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ; ಡಯಾಲಿಸಿಸಿಗೆ, ಹೆರಿಗೆಗೆ ಮಂಗಳೂರನ್ನೇ ನಂಬಿದವರ ಕಷ್ಟದ ಮುಂದೆ ನನ್ನದು ಹೇಳಿಕೊಳ್ಳುವಂಥದ್ದೇ ಅಲ್ಲ. ಅದೇ ವಾರ ಸಿಡಿ 100ರ ಕಾರ್ಬೊರೇಟರಿನಿಂದ ಪೆಟ್ರೋಲು ತೊಟ್ಟಿಕ್ಕಲು ಶುರುವಾಯಿತು. ಗ್ಯಾರೇಜಿನ ಅಣ್ಣ ಮಣ್ಣಿನ ಆಚೆ. ಫೋನಿನಲ್ಲಿ ಹೇಳಿದ: "ಫ್ಲೋಟಿನ ಸೂಜಿಯಲ್ಲಿ ಕಸ ಕೂತಿದೆ ಮಾಷ್ಟ್ರೇ. ಬಿಚ್ಚಿ ತೊಳೆದರೆ ಆಯ್ತು. ನೀವೇ ಮಾಡಿ, ಎಂತ ಉಂಟು ಅದರಲ್ಲಿ!"

ಜಗಲಿಯಲ್ಲಿ ಪೇಪರು ಹಾಸಿ ಬಿಚ್ಚಿದೆ. ಮಧ್ಯಾಹ್ನ ಶುರು ಮಾಡಿದವನು ಒಂದೊಂದು ಭಾಗವನ್ನೂ ಮೂಸಿ, ತಿರುಗಿಸಿ ನೋಡಿ, ಫೋನಿನಲ್ಲಿ ಫೋಟೋ ತೆಗೆದು ಸಂಜೆ ಮಾಡಿಬಿಟ್ಟೆ. ಅಮ್ಮ ದೀಪ ಹಚ್ಚಲು ಬಂದವರು ಅಲ್ಲೇ ನಿಂತರು. "ಪೆಟ್ರೋಲಿನ ವಾಸನೆ ಇಷ್ಟು ಬರ್ತಾ ಉಂಟು. ಇಲ್ಲಿ ನಾನು ದೀಪ ಹಚ್ಚುವುದು ಹೇಗೆ? ಮೊದಲು ಅದನ್ನು ತೆಗಿ." ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಗಡಿಬಿಡಿಯಲ್ಲಿ ಎಲ್ಲವನ್ನೂ ಒಂದು ಚಪ್ಪಲಿಯ ಬಾಕ್ಸಿಗೆ ಬಾಚಿ ಹಾಕಿದೆ. ಮರುದಿನ ಜೋಡಿಸಿ ಪೆಟ್ರೋಲ್ ನಳ್ಳಿ ತಿರುಗಿಸಿದರೆ ಮೊದಲು ತೊಟ್ಟಿಕ್ಕುತ್ತಿದ್ದದ್ದು ಈಗ ಸುರಿಯಿತು. ಪೆಟ್ರೋಲು ತಡೆಯಬೇಕಾದ ಆ ಸೂಜಿ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಬಾಕ್ಸಿನ ಮೂಲೆಯ ಮಡಿಕೆಯಲ್ಲಿ ಆರಾಮವಾಗಿ ಮಲಗಿತ್ತು.

ನನಗೆ ಹಟ್ಟಿ ಬೇಕು ಅನ್ನಿಸಿದ್ದು ಆಗ. ಪಾನ (ಸ್ಪ್ಯಾನರು) ಬೇಕು, ವೈಸು ಬೇಕು ಅಂತ ಅಲ್ಲ. ಬಿಚ್ಚಿದ್ದನ್ನು ಬಿಚ್ಚಿದ ಹಾಗೆಯೇ ಬಿಟ್ಟು, ಲೈಟು ಆರಿಸಿ, ಊಟಕ್ಕೆ ಹೋಗಲು ಒಂದು ಜಾಗ ಬೇಕು ಅಂತ. ಮನೆಯಲ್ಲಿ ಅಂಥ ಜಾಗ ಇರುವುದಿಲ್ಲ. ಮನೆ ಅನ್ನುವುದು ದಿನಕ್ಕೆರಡು ಸಲ ಗುಡಿಸಿ, ಎತ್ತಿ, ಮುಚ್ಚಿ ಇಡುವ ವ್ಯವಸ್ಥೆ. ಅರ್ಧ ಮುಗಿದ ಕೆಲಸಕ್ಕೆ ಅಲ್ಲಿ ರಾತ್ರಿ ತಂಗಲು ಅನುಮತಿ ಇಲ್ಲ.

ದನ ಕೊಟ್ಟು ಎರಡು ವರ್ಷವಾಗಿತ್ತು. ಹಟ್ಟಿಯಲ್ಲಿ ಮುರಿದ ಮುಟ್ಟಾಳೆ, ಹಳೆಯ ಸ್ಪ್ರೇ ಪೈಪು, ಅಟ್ಟದ ಮೇಲೆ ಒಂದಿಷ್ಟು ಬೈಹುಲ್ಲು. ಅಪ್ಪನಿಗೆ ಹೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, "ನಾಳೆ ಒಂದು ಕರು ಕಟ್ಟುವಾ ಅಂತ ಆದ್ರೆ?" ಅಂದರು. ಯಾರೂ ಕಟ್ಟುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಆದರೂ ನಾನು, "ಕಟ್ಟುವುದಾದರೆ ಬೈಕು ಹೊರಗೆ ಇಡ್ತೇನೆ" ಅಂದೆ. ಅಲ್ಲಿಗೆ ಒಪ್ಪಂದವಾಯಿತು.

ನೆಲ

ಗ್ಯಾರೇಜು ಮಾಡುವವರು ಮೊದಲು ಪಾನ ಕೊಳ್ಳುತ್ತಾರೆ. ನಾನೂ ಕೊಳ್ಳುವವನೇ ಇದ್ದೆ. ಕೈಯಲ್ಲಿ ಹಣ ಕಡಿಮೆ ಇದ್ದರೆ ಮೊದಲ ರೂಪಾಯಿ ನೆಲಕ್ಕೆ ಹಾಕಬೇಕು ಅಂತ ಗೊತ್ತಾದದ್ದು ಬೇರಿಂಗಿನ ಒಂದು ಗುಂಡಿನ ದೆಸೆಯಿಂದ.

ಹ್ಯಾಂಡಲ್ ತಿರುಗಿಸುವಾಗ ಕಟಕ್ ಕಟಕ್ ಅನ್ನುತ್ತಿತ್ತು. ಒಳಗಿನ ಬೇರಿಂಗಿನ ಬಟ್ಟಲುಗಳಲ್ಲಿ ಗುಳಿ ಬಿದ್ದಿರುತ್ತದೆ, ಬಿಚ್ಚಿ ನೋಡುವಾ ಅಂತ ಹಟ್ಟಿಯ ಮುಂದಿನ ಭಾಗದಲ್ಲೇ ಕೆಲಸ ಶುರು ಮಾಡಿದೆ. ಆಗ ಅಲ್ಲಿ ಇನ್ನೂ ಸೆಗಣಿ ಸಾರಿಸಿದ ಮಣ್ಣಿನ ನೆಲ. ಬಾವಿಯ ಹಳೆಯ ರಾಟೆಯನ್ನು ಹಲಸಿನ ತೊಲೆಗೆ ಕಟ್ಟಿ ಹಗ್ಗದಲ್ಲಿ ಬೈಕಿನ ಮುಂಭಾಗ ಎತ್ತಿ ನಿಲ್ಲಿಸಿದ್ದೆ. ಇಡೀ ಗಾಡಿ ನೂರು ಕಿಲೋಗೆ ಸ್ವಲ್ಪ ಮೇಲೆ, ಹಿಂಭಾಗ ಮೈನ್ ಸ್ಟ್ಯಾಂಡಿನ ಮೇಲೆ ಇರುವಾಗ ಹಗ್ಗಕ್ಕೆ ಬೀಳುವ ಭಾರ ಎರಡು ಕೊಡ ನೀರಿಗಿಂತ ಹೆಚ್ಚಲ್ಲ. ಅದರ ಬಗ್ಗೆ ನನಗೆ ಧೈರ್ಯ ಇತ್ತು. ಆದರೆ ಮಣ್ಣಿನ ನೆಲದಲ್ಲಿ ಸ್ಟ್ಯಾಂಡಿನ ಕಾಲು ನಿಧಾನಕ್ಕೆ ಹೂತು, ಗಾಡಿ ಒಂದಿಷ್ಟು ಓರೆಯಾಗಿ, ಸಡಿಲ ಬಿಟ್ಟಿದ್ದ ಫೋರ್ಕು ಕೆಳಗೆ ಜಾರಿತು. ಗುಂಡುಗಳು ಸುರಿದವು. ಸಾರಿಸಿದ ನೆಲಕ್ಕೆ ಬಿದ್ದ ಗುಂಡಿನ ಶಬ್ದವೇ ಬರುವುದಿಲ್ಲ, ಅದು ವಿಚಿತ್ರ. ಹಲಸಿನ ಬೀಜ ಬಿದ್ದ ಹಾಗೆ ಒಂದು ಪೊತ್, ಅಷ್ಟೆ. ಎಲ್ಲಿಗೆ ಹೋಯಿತೆಂದು ಕಿವಿಗೆ ಗೊತ್ತಾಗುವುದಿಲ್ಲ, ಕಣ್ಣಿಗಂತೂ ಕಾಣುವುದೇ ಇಲ್ಲ.

ಹಾಳಾದ ರೇಡಿಯೋದ ಸ್ಪೀಕರಿನಿಂದ ಅಯಸ್ಕಾಂತ ಕಿತ್ತು, ದಾರ ಕಟ್ಟಿ, ಗೋರಂಟಿ ಗಿಡದ ಬುಡದವರೆಗೆ ಎಳೆದಾಡಿದೆ. ಕಬ್ಬಿಣದ ಪುಡಿ, ಲಾಳದ ಮೊಳೆ, ಎಂದೋ ಕಳೆದ ಒಂದು ಸೇಫ್ಟಿ ಪಿನ್ನು, ಜತೆಗೆ ಗುಂಡುಗಳೂ ಒಂದೊಂದಾಗಿ ಬಂದವು. ಮೇಲಿನ ಸಾಲಿನದ್ದನ್ನು ಎಣಿಸಿ ಇಟ್ಟಿದ್ದೆ. ಎಣಿಸಿದಾಗ ಒಂದು ಕಡಿಮೆ. ಮೂರು ಸಲ ಎಣಿಸಿದರೂ ಒಂದು ಕಡಿಮೆ. ಅಮ್ಮ ಬಾಗಿಲಿಗೆ ಒರಗಿ ನೋಡುತ್ತಿದ್ದವರು, "ನಿನ್ನ ಶಾಲೆಯ ಮಕ್ಕಳು ನೋಡಬೇಕಿತ್ತು" ಅಂದರು.

ಮರುವಾರವೇ ಮೇಸ್ತ್ರಿಗೆ ಹೇಳಿದೆ. ಮೂರಿಂಚು ಕಾಂಕ್ರೀಟು, ಹತ್ತಡಿ ಹನ್ನೆರಡಡಿ. ಮೇಸ್ತ್ರಿ ಸಿಮೆಂಟು ನೀರು ಹಾಕಿ ಕನ್ನಡಿಯ ಹಾಗೆ ನಯ ಮಾಡಲು ಹೊರಟಿದ್ದ. ಬೇಡ, ಸ್ವಲ್ಪ ಒರಟಾಗಿಯೇ ಇರಲಿ ಅಂದೆ. ನನ್ನ ಇಡೀ ಯೋಜನೆಯಲ್ಲಿ ನಾನು ಮೊದಲೇ ಯೋಚಿಸಿ ಸರಿ ಮಾಡಿದ್ದು ಇದೊಂದೇ ಇರಬೇಕು. ನಯವಾದ ನೆಲಕ್ಕೆ ಎರಡು ಹನಿ ಆಯಿಲು ಬಿದ್ದರೆ ಸೊಂಟ ಮುರಿಯುತ್ತದೆ. ಅಟ್ಟದ ಬೈಹುಲ್ಲು ಅವತ್ತೇ ಕೆಳಗಿಳಿಸಿ ತೆಂಗಿನ ಬುಡಕ್ಕೆ ಹಾಕಿಸಿದೆ. ಪೆಟ್ರೋಲಿನಲ್ಲಿ ಭಾಗಗಳನ್ನು ತೊಳೆಯುವುದನ್ನೂ ಬಿಟ್ಟೆ. ಪೆಟ್ರೋಲಿನ ಆವಿಗೆ ಎಂಥ ಚಳಿಯಲ್ಲೂ ಬೆಂಕಿ ಹತ್ತುತ್ತದೆ, ಡೀಸೆಲು ಅಷ್ಟು ಸಿಡುಕಲ್ಲ. ಬಾಗಿಲ ಬಳಿ ಒಂದು ಬಕೆಟು ಹೊಯಿಗೆ.

ಮೇಜಿಗೆ ಹಳೆಯ ಬಚ್ಚಲಮನೆಯ ಹಲಸಿನ ಬಾಗಿಲು. ಬಿಚ್ಚಿದ ಭಾಗಗಳನ್ನು ಇಡಲು ಅಡಿಕೆ ಹಾಳೆಯ ತಟ್ಟೆಗಳು. ಒಂದು ತಟ್ಟೆಗೆ ಒಂದು ಜಾಗದ ಬೋಲ್ಟುಗಳು, ಅಂಚಿನಲ್ಲಿ ಪೆನ್ನಿನಲ್ಲಿ ಹೆಸರು. ಪೇಟೆಯಲ್ಲಿ ಮದುವೆ ಊಟಕ್ಕೆ ಹಣ ಕೊಟ್ಟು ಕೊಳ್ಳುವ ಆ ತಟ್ಟೆ ನಮ್ಮಲ್ಲಿ ತೋಟದಿಂದಲೇ ಬರುತ್ತದೆ, ಹರಿದರೆ ಒಲೆಗೆ.

ಸ್ಟಾರಿನ ಹಾಗೆ ಇರುವುದು

ಹಾರ್ಡ್‌ವೇರ್ ಅಂಗಡಿ ಬದಿಯಡ್ಕದಲ್ಲಿ. ಕಬ್ಬಿಣ ಉಜ್ಜುವ ಅರ ಬೇಕಿತ್ತು, ಹೊಸ ಹುಡುಗನಿಗೆ ನನ್ನ ಕನ್ನಡ ತಿಳಿಯಲಿಲ್ಲ. ಗಲ್ಲಾದಲ್ಲಿದ್ದ ಹಿರಿಯರು ಪೇಪರಿನಿಂದ ತಲೆ ಎತ್ತದೆ, "ಅರಂ, ಅರಂ ಕೊಡು" ಅಂದರು. ಕನ್ನಡಕ್ಕೂ ಮಲಯಾಳಕ್ಕೂ ಒಂದು ಸೊನ್ನೆಯ ವ್ಯತ್ಯಾಸ. ನಮ್ಮ ಜಿಲ್ಲೆಯ ಭಾಷಾ ಜಗಳವೆಲ್ಲ ಇಂಥ ಒಂದೊಂದು ಸೊನ್ನೆಯಲ್ಲಿ ಮುಗಿಯುವಂತಿದ್ದರೆ ಅಂತ ಯೋಚಿಸುತ್ತ ಸ್ಕ್ರೂಡ್ರೈವರ್ ಸೆಟ್ಟನ್ನೂ ಕೊಂಡೆ. ಒಳ್ಳೆಯದನ್ನೇ.

ಸಿಡಿ 100ರಲ್ಲಿ ಆಯಿಲು ಸೋಸಲು ಕಾಗದದ ಫಿಲ್ಟರು ಇಲ್ಲ. ಕ್ರ್ಯಾಂಕಿನ ತುದಿಗೆ ಒಂದು ಬಟ್ಟಲು ಕೂತಿರುತ್ತದೆ. ಎಂಜಿನಿನ ಜತೆ ಅದೂ ಗಿರಗಿರ ತಿರುಗುತ್ತದೆ, ಆಯಿಲಿನಲ್ಲಿರುವ ಭಾರದ ಕೊಳೆ ಬಟ್ಟಲಿನ ಗೋಡೆಗೆ ಹೋಗಿ ಅಂಟುತ್ತದೆ, ಶುದ್ಧವಾದದ್ದು ಮುಂದೆ ಹೋಗುತ್ತದೆ. ಮಜ್ಜಿಗೆ ಕಡೆಯುವ ಮನೆಯವರಿಗೆ ವಿವರಿಸಬೇಕಾದ ವಿಷಯ ಅಲ್ಲ. ಆದರೆ ಆ ಬಟ್ಟಲನ್ನು ಆಗಾಗ ತೆರೆದು ಬಳಿಯಬೇಕು, ಅದಕ್ಕೆ ಆಯಿಲು ಇಳಿಸಿ ಬಲಬದಿಯ ಇಡೀ ಕವರು ಕಳಚಬೇಕು. ಹಾಗಾಗಿ ಸಾಧಾರಣ ಯಾರೂ ತೆರೆಯುವುದಿಲ್ಲ. ನಮ್ಮದು ಇಪ್ಪತ್ತೇಳು ವರ್ಷದಲ್ಲಿ ಎಷ್ಟು ಸಲ ತೆರೆದಿತ್ತೋ, ದೇವರಿಗೇ ಗೊತ್ತು.

ಬಟ್ಟಲಿನ ಮುಚ್ಚಳಕ್ಕೆ ಮೂರು ಸ್ಟಾರ್ ಸ್ಕ್ರೂ. ಹೊಸ ಸ್ಕ್ರೂಡ್ರೈವರು ಇಟ್ಟು ತಿರುಗಿಸಿದೆ. ತುದಿ ಮೇಲಕ್ಕೆ ಎದ್ದು ಬಂತು. ಇನ್ನಷ್ಟು ಒತ್ತಿ ತಿರುಗಿಸಿದೆ. ಮತ್ತೆ ಎದ್ದಿತು, ಜತೆಗೆ ಬೆಳ್ಳಿಯಂಥ ಸಣ್ಣ ಸಿಪ್ಪೆಯೂ. ಎರಡನೆಯ ಸ್ಕ್ರೂವಿನ ತಲೆಯೂ ಹಾಗೇ ಕೆತ್ತಿಹೋಗಿ ಪ್ಲಸ್ಸು ಇದ್ದ ಜಾಗದಲ್ಲಿ ಗುಂಡಿ ಉಳಿಯಿತು. ಮೂರನೆಯದನ್ನು ಮುಟ್ಟದೆ ಬಿಟ್ಟದ್ದೇ ನನ್ನ ಆ ದಿನದ ಬುದ್ಧಿವಂತಿಕೆ. ಜಗಲಿಯಲ್ಲಾಗಿದ್ದರೆ ಸಂಜೆಯೊಳಗೆ ಹೇಗಾದರೂ ಮಾಡಿ ಮುಚ್ಚಬೇಕಿತ್ತು, ಸಿಟ್ಟಿನಲ್ಲಿ ಉಳಿ ಹಾಕಿ ಬಟ್ಟಲನ್ನೇ ಒಡೆಯುತ್ತಿದ್ದೆ. ಹಟ್ಟಿಯಲ್ಲಿ ಒಂದು ಬಟ್ಟೆ ಹೊದಿಸಿ ಬಾಗಿಲು ಎಳೆದುಕೊಂಡು ಹೋದೆ. ಗಾಡಿ ಹಾಗೆಯೇ ಹನ್ನೊಂದು ದಿನ ತೆರೆದ ಹೊಟ್ಟೆಯಲ್ಲಿ ನಿಂತಿತು.

ಆಗ ರಸ್ತೆಯ ಮಣ್ಣು ಹೋಗಿತ್ತು. ಗ್ಯಾರೇಜಿನ ಅಣ್ಣ ಒಂದು ಆದಿತ್ಯವಾರ ಬಂದ. ಸ್ಕ್ರೂ ನೋಡಿ, ನನ್ನ ಸ್ಕ್ರೂಡ್ರೈವರು ನೋಡಿ ನಕ್ಕ. "ಮಾಷ್ಟ್ರೇ, ಇದು ಸ್ಟಾರ್ ಅಲ್ಲ. ಸ್ಟಾರಿನ ಹಾಗೆ ಉಂಟು, ಅಷ್ಟೆ." ಚೀಲದಿಂದ ದಪ್ಪ ಉಳಿಯಂಥ ಒಂದು ಇಂಪ್ಯಾಕ್ಟ್ ಡ್ರೈವರ್ ತೆಗೆದ. ಕೆಟ್ಟ ಎರಡು ತಲೆಗಳನ್ನು ಮೊದಲು ಸುತ್ತಿಗೆಯಿಂದ ಮೆಲ್ಲ ಬಡಿದು ಲೋಹವನ್ನು ಒಳಕ್ಕೆ ಸರಿಸಿದ, ಡ್ರೈವರಿನ ತುದಿ ಇಟ್ಟ, ಒಂದೇ ಏಟು. ಟಪ್. ಸ್ಕ್ರೂ ಕಾಲು ಸುತ್ತು ಸಡಿಲ. ಸುತ್ತಿಗೆಯ ಏಟು ತುದಿಯನ್ನು ಒಳಕ್ಕೆ ಒತ್ತುತ್ತದೆ, ಅದೇ ಕ್ಷಣದಲ್ಲಿ ತಿರುಗಿಸುತ್ತದೆ; ತುದಿಗೆ ಮೇಲೆ ಏಳಲು ಪುರುಸೊತ್ತೇ ಇರುವುದಿಲ್ಲ. ಮೂರು ಸ್ಕ್ರೂಗಳಿಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಒಳಗೆ ಗೋಡೆಗೆ ಅಂಟಿದ್ದ ಕೊಳೆ ಡಾಂಬರಿನ ಹಾಗೆ, ಬೆರಳುಗುರಿನಲ್ಲಿ ಕೆರೆದರೆ ಸುರುಳಿಯಾಗಿ ಬಂತು.

ಅವನು ಹೋದ ಮೇಲೆ ಓದಿ ತಿಳಿದುಕೊಂಡೆ. ನಾವು ಸ್ಟಾರ್ ಅನ್ನುವ ಸ್ಕ್ರೂವಿನಲ್ಲಿ ಫಿಲಿಪ್ಸ್ ಬೇರೆ, ಜಪಾನಿನ ಜೆಐಎಸ್ ಬೇರೆ. ನೋಡಲು ಒಂದೇ. ಫಿಲಿಪ್ಸ್ ಡ್ರೈವರಿನ ತುದಿ ಜೆಐಎಸ್ ಸ್ಕ್ರೂವಿನ ತಳಕ್ಕೆ ಬೇಗ ತಾಗುತ್ತದೆ, ಆದರೆ ನಾಲ್ಕು ರೆಕ್ಕೆಗಳು ಬದಿಗೆ ಸರಿಯಾಗಿ ಕಚ್ಚುವುದಿಲ್ಲ. ಅದಕ್ಕೇ ಏಳುವುದು. ಎಷ್ಟೋ ಜೆಐಎಸ್ ಸ್ಕ್ರೂಗಳ ತಲೆಯ ಮೇಲೆ ಗುರುತಿಗೆ ಒಂದು ಸಣ್ಣ ಚುಕ್ಕಿ ಇರುತ್ತದೆ. ಬೇರೆ ಡ್ರೈವರು ಸಿಗದಿದ್ದರೆ ಫಿಲಿಪ್ಸಿನ ತುದಿಯನ್ನೇ ಮಸೆಗಲ್ಲಿನಲ್ಲಿ ಒಂದು ಕೂದಲು ಸವೆಸಿದರೆ ಇನ್ನಷ್ಟು ಆಳಕ್ಕೆ ಕೂರುತ್ತದೆ. ನಾನು ಹಾಗೇ ಮಾಡಿದೆ, ಜತೆಗೆ 450 ರೂಪಾಯಿಯ ಇಂಪ್ಯಾಕ್ಟ್ ಡ್ರೈವರೂ ಲೆಕ್ಕದ ಪುಟಕ್ಕೆ ಸೇರಿತು. ಗ್ಯಾರೇಜಿನ ಅಣ್ಣನಿಗೆ ಜೆಐಎಸ್ ಅನ್ನುವ ಹೆಸರು ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇಲ್ಲ. ನನಗೆ ಹೆಸರು ಗೊತ್ತಾಯಿತು. ಅವನ ಕೈ ಮಾತ್ರ ಇನ್ನೂ ಬಂದಿಲ್ಲ.

ಕರಿಮೆಣಸಿನ ತಕ್ಕಡಿ

ಬಿಚ್ಚುವುದಕ್ಕಿಂತ ಬಿಗಿಯುವುದು ಕಷ್ಟ. ಎಂಜಿನಿನ ಮೈ ಅಲ್ಯೂಮಿನಿಯಂ, ಬೋಲ್ಟು ಉಕ್ಕು. ಭಯದಲ್ಲಿ ಇನ್ನರ್ಧ ಸುತ್ತು ಬಿಗಿದರೆ ಸೋಲುವುದು ಯಾವಾಗಲೂ ಮೈ. ಒಮ್ಮೆ ತ್ರೆಡ್ಡು ಹೋದರೆ ಲೇತಿಗೆ ಓಡಬೇಕು. ಎಷ್ಟು ಬಿಗಿದೆವು ಅಂತ ಅಳೆದು ತೋರಿಸಲು ಟಾರ್ಕ್ ರೆಂಚು ಅಂತ ಒಂದು ಉಂಟು, ಒಳ್ಳೆಯದಕ್ಕೆ ನನ್ನ ಬಜೆಟ್ಟಿನಲ್ಲಿ ಜಾಗ ಇರಲಿಲ್ಲ.

ಒಂಬತ್ತನೇ ತರಗತಿಯಲ್ಲಿ ಬಲ, ಭಾರ ಅಂತ ಸೈನ್ಸಿನ ಟೀಚರು ಪಕ್ಕದ ಕ್ಲಾಸಿನಲ್ಲಿ ಹೇಳುತ್ತಿದ್ದದ್ದು ಗೋಡೆಯಾಚೆಯಿಂದ ಕೇಳುತ್ತಿದ್ದಾಗ ಹೊಳೆಯಿತು. ಹತ್ತರ ಪಾನ ಹಿಡಿಯುವ 6 ಮಿಲಿಮೀಟರಿನ ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು. ಅಂದರೆ ಒಂದು ಮೀಟರ್ ಉದ್ದದ ಹಿಡಿಯ ತುದಿಯಲ್ಲಿ ಒಂದು ಕಿಲೋ ಭಾರ, ಅಥವಾ 20 ಸೆಂಟಿಮೀಟರ್ ಹಿಡಿಯಲ್ಲಿ 5 ಕಿಲೋ. ಮನೆಯಲ್ಲಿ ಕರಿಮೆಣಸು ತೂಗುವ ಸ್ಪ್ರಿಂಗ್ ತಕ್ಕಡಿ ಉಂಟಲ್ಲ! ಸಾಕೆಟ್ಟಿನ ಹಿಡಿಗೆ 20 ಸೆಂಟಿಮೀಟರಿನಲ್ಲಿ ಅರದಿಂದ ಒಂದು ಗೀಟು ಹಾಕಿ, ತಕ್ಕಡಿಯ ಕೊಕ್ಕೆ ಅಲ್ಲಿ ಸಿಕ್ಕಿಸಿ, ಹಿಡಿಗೆ ಲಂಬವಾಗಿ ಎಳೆಯುವುದು. ಮುಳ್ಳು 5ಕ್ಕೆ ಬಂದಾಗ ನಿಲ್ಲಿಸುವುದು. ಓರೆಯಾಗಿ ಎಳೆದರೆ ಲೆಕ್ಕ ತಪ್ಪುತ್ತದೆ, ಅದೊಂದೇ ಎಚ್ಚರ. ಮೊದಲ ಸಲ ಮಾಡಿದಾಗ ಆಶ್ಚರ್ಯವಾಯಿತು: ಅಷ್ಟೇನಾ? ಇಷ್ಟು ವರ್ಷ ನಾನು ಬಿಗಿಯುತ್ತಿದ್ದದ್ದು ಇದರ ಎರಡರಷ್ಟು ಇದ್ದಿರಬೇಕು.

ಅಪ್ಪ ಮೆಣಸು ತೂಗಲು ತಕ್ಕಡಿ ಹುಡುಕುತ್ತ ಹಟ್ಟಿಗೆ ಬಂದದ್ದು ಹಾಗೆ. ಕೊಕ್ಕೆಗೆ ಮೆತ್ತಿದ್ದ ಗ್ರೀಸನ್ನು ಮೂಗಿಗೆ ಹಿಡಿದು ನೋಡಿ, ಏನೂ ಹೇಳದೆ ಬೂದಿ ಹಾಕಿ ತಿಕ್ಕಿಕೊಂಡು ಹೋದರು. ಆಮೇಲೆ ಪೆರ್ಲದಿಂದ ಇನ್ನೊಂದು ತಕ್ಕಡಿ ಬಂತು. ಅದರ ಹಣ ನನ್ನ ಲೆಕ್ಕದಲ್ಲಿ ಅವರೇ ಬರೆದಿದ್ದಾರೆ.

ಇಳಿಸಿದ ಆಯಿಲಿನದ್ದೇ ಸ್ವಲ್ಪ ತಲೆನೋವು. ಹಟ್ಟಿಯ ಹಿಂದಿನ ಭಾಗದಲ್ಲಿ ಗಂಜಲ ಹರಿಯಲು ಕಣಿ ಮೊದಲೇ ಇತ್ತು, ಗಾಡಿ ತೊಳೆಯಲು ಹೇಳಿ ಮಾಡಿಸಿದ ಹಾಗೆ. ಆದರೆ ಆ ಕಣಿ ಹೋಗುವುದು ತೋಟದ ತೋಡಿಗೆ. ನಮ್ಮ ಕುಡಿಯುವ ನೀರು ಸುರಂಗದ್ದು. ಗುಡ್ಡದ ಮುರಕಲ್ಲಿಗೆ ಅಡ್ಡ ಕೊರೆದ ಆ ಕತ್ತಲೆಯಿಂದ ವರ್ಷಪೂರ್ತಿ ಬೆರಳು ಗಾತ್ರದ ನೀರು ತಾನಾಗಿ ಇಳಿಯುತ್ತದೆ. ಅದು ಮೇಲಿದೆ, ಹಟ್ಟಿ ಕೆಳಗಿದೆ, ನಮಗೆ ಅಪಾಯ ಇಲ್ಲ. ಕೆಳಗಿನ ಮನೆಯವರ ಬಾವಿ ನಮ್ಮ ಹಟ್ಟಿಗಿಂತ ಕೆಳಗೆ. ಕಣಿಗೆ ಸಿಮೆಂಟಿನ ಅಡ್ಡ ಕಟ್ಟಿದೆ. ಸುಟ್ಟ ಆಯಿಲು ಕ್ಯಾನಿನಲ್ಲಿ ತುಂಬಿ ಗ್ಯಾರೇಜಿನ ಅಣ್ಣನ ಡ್ರಮ್ಮಿಗೆ ಹೋಗುತ್ತದೆ, ನಡುವೆ ಅಪ್ಪ ಒಂದು ಲೋಟ ಎಗರಿಸಿ ಗೆದ್ದಲು ಹಿಡಿದ ಮಾಡಿನ ಪಕ್ಕಾಸಿಗೆ ಬಳಿಯುತ್ತಾರೆ.

ಪಸೆ

ಇಷ್ಟೆಲ್ಲ ಆದ ಮೇಲೆ ಮಳೆಗಾಲ ಬಂತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಊರು, ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಕಬ್ಬಿಣಕ್ಕೆ ಮಳೆ ತಾಗಲೇಬೇಕು ಅಂತಿಲ್ಲ, ಗಾಳಿಯ ಪಸೆಯೇ ಸಾಕು. ಜುಲೈಯಲ್ಲಿ ಸ್ಪ್ಯಾನರಿನ ಡಬ್ಬ ತೆರೆದರೆ ಎಲ್ಲದಕ್ಕೂ ಅರಶಿನ ಹಚ್ಚಿದ ಹಾಗೆ ತುಕ್ಕು. ಎಣ್ಣೆ ಒರೆಸಿಟ್ಟರೆ ಎರಡು ವಾರ ತಡೆಯುತ್ತದೆ, ಆಮೇಲೆ ಮತ್ತೆ.

ಗುಜರಿಯಿಂದ ಒಂದು ತಗಡಿನ ಕಪಾಟು ತಂದೆ. ಅದರ ತಳದಲ್ಲಿ 40 ವ್ಯಾಟಿನ ಹಳೆಯ ಬಲ್ಬು ಉರಿಸಿಡುವುದು ಅಂತ ಯೋಜನೆ. ಬಲ್ಬು ನೀರನ್ನು ಹೀರುವುದಿಲ್ಲ, ಆದರೆ ಒಳಗಿನ ಗಾಳಿ ಹೊರಗಿಗಿಂತ ಐದಾರು ಡಿಗ್ರಿ ಬೆಚ್ಚಗಿದ್ದರೆ ಪಸೆ ಲೋಹದ ಮೇಲೆ ಕೂರುವುದಿಲ್ಲ. ಎಲ್‌ಇಡಿ ಇದಕ್ಕೆ ಪ್ರಯೋಜನ ಇಲ್ಲ, ಅದರ ಒಳ್ಳೆಯತನವೇ ಬಿಸಿಯಾಗದಿರುವುದು. ಆದರೆ ಫಿಲಮೆಂಟ್ ಬಲ್ಬಿನ ಮಾರಾಟ ನಿಲ್ಲಿಸುವುದಾಗಿ ಕೇರಳ ಸರಕಾರ 2020ರ ಬಜೆಟ್ಟಿನಲ್ಲೇ ಹೇಳಿತ್ತು, ಪೆರ್ಲದಲ್ಲಿ ಕೇಳಿದರೆ ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ವಿಟ್ಲದಲ್ಲಿ ಸಿಕ್ಕಿತು. ಹದಿನೈದು ರೂಪಾಯಿಯ ಎರಡು ಬಲ್ಬುಗಳನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಸಾರಡ್ಕದ ಚೆಕ್‌ಪೋಸ್ಟ್ ದಾಟುವಾಗ ಕಳ್ಳಸಾಗಣೆ ಮಾಡಿದ ಸುಖವಾಯಿತು.

ಕಪಾಟು ಚೆನ್ನಾಗಿಯೇ ಕೆಲಸ ಮಾಡಿತು. ತೀರಾ ಚೆನ್ನಾಗಿ ಮಾಡಿತು ಅನ್ನಬೇಕು. ಆಟಿ ತಿಂಗಳಿನ ಒಂದು ದಿನ ಶಾಲೆಯಿಂದ ಬಂದು ಬಾಗಿಲು ತೆರೆದರೆ ಕೆಳಗಿನ ಹಲಗೆಯಲ್ಲಿ ಹಲಸಿನ ಹಪ್ಪಳದ ಡಬ್ಬ. ಬೇಸಿಗೆಯಲ್ಲಿ ಮಾಡಿಟ್ಟದ್ದು ಮಳೆಗೆ ಮೆತ್ತಗಾಗುತ್ತದೆ, ಅಡುಗೆಮನೆಯಲ್ಲಿ ಗ್ಯಾಸು ಬಂದ ಮೇಲೆ ಒಲೆಯ ಮೇಲಿನ ಬಿಸಿ ಅಟ್ಟ ಇಲ್ಲ, ಇಡೀ ಮನೆಯಲ್ಲಿ ಒಣಗಿದ ಜಾಗ ಇದೊಂದೇ ಅಂತ ಅಮ್ಮನ ವಾದ. ಮರುವಾರ ಬೆಂಕಿಪೊಟ್ಟಣದ ಕಟ್ಟು ಬಂತು. ಆಮೇಲೆ ಸಾಂತಾಣಿ (ಬೇಯಿಸಿ ಒಣಗಿಸಿದ ಹಲಸಿನ ಬೀಜ), ಅಪ್ಪನ ಆಧಾರ ಕಾರ್ಡಿನ ಪ್ಲಾಸ್ಟಿಕ್ ಚೀಲ, ಮೆಣಸಿನ ಬೀಜ.

ಈಗಲೂ ಹೊರಗೆ ಒಂದೇ ಸಮನೆ ಹೊಯ್ಯುತ್ತ ಉಂಟು. ಸಿಡಿ 100ರ ಹಿಂದಿನ ಚಕ್ರ ಬಿಚ್ಚಿ ನಾಲ್ಕು ದಿನವಾಯಿತು, ಬ್ರೇಕ್ ಶೂ ಹೊಸದು ಬರಬೇಕು. ಹಾಳೆ ತಟ್ಟೆಯಲ್ಲಿ ಆ್ಯಕ್ಸಲು, ಸ್ಪೇಸರು, ನಟ್ಟು ವರಸೆಯಾಗಿ ಕೂತಿವೆ. ಸ್ಪ್ಯಾನರುಗಳು ಈಗ ಕಪಾಟಿನ ತೀರಾ ಮೇಲಿನ ಹಲಗೆಗೆ ಹೋಗಿವೆ, ಹದಿನೇಳರ ಪಾನಕ್ಕೆ ಕೈ ಚಾಚಬೇಕಾದರೆ ಸ್ಟೂಲು ಹತ್ತಬೇಕು. ನಿನ್ನೆ ಕತ್ತಲಲ್ಲಿ ತಡಕಾಡುವಾಗ ಸಾಂತಾಣಿಯ ಡಬ್ಬ ಮಗುಚಿತು. ಸಿಮೆಂಟು ನೆಲಕ್ಕೆ ಒಂದೊಂದು ಬೀಜ ಬಿದ್ದದ್ದೂ ಟಣ್ ಟಣ್ ಅಂತ ಕೇಳಿಸಿತು. ಎಲ್ಲವೂ ಸಿಕ್ಕಿದವು.